ಹಾಡು ಕೇಳುವ ಮೊದಲು

ಲಂಡನ್ನಿನ ಗಾಯಕಿ ರಿನಾ ಸವಾಯಮಾ ಅವರ ಮೊದಲ ಪೂರ್ಣ ಆಲ್ಬಮ್ 2020ರ ಏಪ್ರಿಲ್‌ನಲ್ಲಿ ಬಂತು. ವಿಮರ್ಶಕರು ಮೆಚ್ಚಿದರು, ಎಲ್ಟನ್ ಜಾನ್ ಬಾಯ್ತುಂಬ ಹೊಗಳಿದರು. ಜುಲೈನಲ್ಲಿ ಮರ್ಕ್ಯುರಿ ಪ್ರಶಸ್ತಿಗೆ ಹನ್ನೆರಡು ಆಲ್ಬಮ್‌ಗಳ ಪಟ್ಟಿ ಹೊರಬಿದ್ದಾಗ ಅದರಲ್ಲಿ ಅವರದ್ದಿರಲಿಲ್ಲ. ತೀರ್ಪುಗಾರರಿಗೆ ಹಿಡಿಸಲಿಲ್ಲವೆಂದಲ್ಲ, ಅದು ಅವರ ಮುಂದೆ ಹೋಗುವಂತೆಯೇ ಇರಲಿಲ್ಲ.

1992ರಲ್ಲಿ ಶುರುವಾದ ಮರ್ಕ್ಯುರಿ, ಬ್ರಿಟನ್ ಮತ್ತು ಐರ್ಲೆಂಡಿನ ಸಂಗೀತಕ್ಕೆ ಮೀಸಲಾದ ಪ್ರಶಸ್ತಿ. ಒಬ್ಬರೇ ಹಾಡುವವರಾದರೆ ಈ ಎರಡರಲ್ಲೊಂದು ದೇಶದ ಪೌರತ್ವ ಬೇಕಿತ್ತು. ತಂಡವಾದರೆ ಎಲ್ಲ ಸದಸ್ಯರಿಗೂ ಬೇಕಿರಲಿಲ್ಲ! ಸವಾಯಮಾ ಹುಟ್ಟಿದ್ದು ಜಪಾನಿನ ನೀಗಾತದಲ್ಲಿ. ಸಣ್ಣ ಮಗುವಾಗಿದ್ದಾಗ ಬ್ರಿಟನ್ನಿಗೆ ಬಂದು ಅಲ್ಲೇ ಬೆಳೆದರು, ಕೇಂಬ್ರಿಜ್‌ನಲ್ಲಿ ಓದಿದರು. ಕಾಲಮಿತಿಯಿಲ್ಲದೆ ನೆಲೆಸುವ ಪರವಾನಗಿಯೂ ಇತ್ತು. ಪಾಸ್‌ಪೋರ್ಟ್ ಮಾತ್ರ ಜಪಾನಿನದು. ಜಪಾನ್ ಎರಡು ಪೌರತ್ವ ಒಪ್ಪುವುದಿಲ್ಲ. ಬ್ರಿಟಿಷ್ ಆಗಬೇಕೆಂದರೆ ಹುಟ್ಟಿದ ನಾಡಿನದ್ದನ್ನು ಬಿಟ್ಟುಕೊಡಬೇಕು.

ಗ್ರ್ಯಾಮಿ ಪಾಸ್‌ಪೋರ್ಟ್ ಕೇಳುವುದಿಲ್ಲ. ಅರ್ಹತೆಯ ಅವಧಿಯೊಳಗೆ ಅಮೆರಿಕದ ಮಾರುಕಟ್ಟೆಯಲ್ಲಿ ಬಿಡುಗಡೆಯಾಗಿದ್ದರೆ ಸಾಕು. ನಮ್ಮ ಬೆಂಗಳೂರಿನ ರಿಕಿ ಕೇಜ್ 2015ರಲ್ಲಿ ಗೆದ್ದದ್ದು ಹಾಗೆ. ಮರ್ಕ್ಯುರಿಯಂಥದ್ದಕ್ಕೆ ಗೆರೆ ಬೇಡವೆನ್ನಲಾರೆ. ಗೆರೆಯೇ ಇಲ್ಲದಿದ್ದರೆ ಅದು ಮತ್ತೊಂದು ಗ್ರ್ಯಾಮಿಯಾದೀತು. ಆದರೆ ಅರ್ಹತೆಯೆಂದರೆ ಬರೀ ಗುಮಾಸ್ತಿಕೆ, ನಿಜವಾದ ತೀರ್ಪು ಆಮೇಲೆ ಎಂದು ನಾವು ಅಂದುಕೊಳ್ಳುತ್ತೇವಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಯಾರು ‘ನಮ್ಮವರು’ ಎಂಬ ದೊಡ್ಡ ತೀರ್ಪು ಹಾಡು ಕೇಳುವ ಮೊದಲೇ ಆಗಿಹೋಗಿರುತ್ತದೆ.

ಇದು ನನ್ನನ್ನು ಇಷ್ಟು ತಾಗಲು ಕಾರಣವಿದೆ. ನಾನು ಕಾಸರಗೋಡಿನವಳು. ಮನೆಮಾತು ಕನ್ನಡ, ಓದಿದ್ದು ಕನ್ನಡ ಶಾಲೆಯಲ್ಲಿ, ಪಿಎಚ್‌.ಡಿ. ಮಾಡುತ್ತಿರುವುದೂ ಕನ್ನಡ ಸಾಹಿತ್ಯದಲ್ಲೇ. ಎರಡು ವರ್ಷದ ಹಿಂದೆ ಒಂದು ಸಂಶೋಧನಾ ವೇತನಕ್ಕೆ ಅರ್ಜಿ ಒಯ್ದಾಗ ಕರ್ನಾಟಕದ ವಾಸಸ್ಥಳ ದೃಢೀಕರಣ ಪತ್ರ ಕೇಳಿದರು. “ನಿಮ್ಮ ಸಂಶೋಧನೆ ಚೆನ್ನಾಗೇ ಇರಬಹುದಮ್ಮ, ಆದ್ರೆ ಈ ಕಾಲಂ ಖಾಲಿ ಬಿಡೋ ಹಾಗಿಲ್ಲ” ಎಂದರು ಗುಮಾಸ್ತರು, ಪಾಪ, ಬೇಸರದಿಂದಲೇ. ನನ್ನ ಸಾರಲೇಖದ ಪುಟ ಯಾರೂ ತಿರುವಲಿಲ್ಲ. ಹೋಲಿಕೆ ಪೂರ್ತಿ ಹೊಂದುವುದಿಲ್ಲ, ನನ್ನ ಪೌರತ್ವವನ್ನು ಯಾರೂ ಪ್ರಶ್ನಿಸಿರಲಿಲ್ಲ. ಆದರೂ ಸವಾಯಮಾ ಅವರ ಸುದ್ದಿ ಓದುವಾಗ ಆ ಖಾಲಿ ಕಾಲಂ ಕಣ್ಣಮುಂದೆ ಬಂತು. ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆಂದೇ ಒಂದು ಕಲಮು ಇದೆ. ಯಾರೋ ಹಟ ಹಿಡಿದು ಬರೆಸಿರಬೇಕು.

ಸವಾಯಮಾ ಕೂಡ ಹಟ ಹಿಡಿದರು. ಸಂದರ್ಶನದಲ್ಲಿ ಬಹಿರಂಗವಾಗಿ ಹೇಳಿದರು, ಅಭಿಮಾನಿಗಳು ಟ್ವಿಟ್ಟರಿನಲ್ಲಿ ಗದ್ದಲವೆಬ್ಬಿಸಿದರು. 2021ರ ಫೆಬ್ರವರಿಯಲ್ಲಿ ಮರ್ಕ್ಯುರಿ ಮತ್ತು ಬ್ರಿಟ್ ಪ್ರಶಸ್ತಿಗಳೆರಡರ ನಿಯಮವೂ ಬದಲಾಯಿತು. ಬ್ರಿಟನ್ನಿನಲ್ಲಿ ಐದು ವರ್ಷ ನೆಲೆಸಿದ್ದರೆ ಸಾಕು ಎಂದಾಯಿತು. ನಾಲ್ಕು ವರ್ಷದವರು ಇನ್ನೂ ಹೊರಗೇ, ಇರಲಿ. ಅವರಷ್ಟು ಹೆಸರಿಲ್ಲದ ಯಾರಾದರೂ ಕೇಳಿದ್ದರೆ ಇದು ಆಗುತ್ತಿತ್ತೇ ಎಂಬ ಅನುಮಾನ ನನಗೆ ಹೋಗಿಲ್ಲ.

2022ರಲ್ಲಿ ಅವರ ಎರಡನೆಯ ಆಲ್ಬಮ್ ಬಂತು. ಮರುವರ್ಷದ ಮರ್ಕ್ಯುರಿಯ ಹನ್ನೆರಡರಲ್ಲಿ ಅದೂ ಇರಲಿಲ್ಲ. ಈ ಸಲ ಅಡ್ಡ ಬಂದದ್ದು ಪಾಸ್‌ಪೋರ್ಟ್ ಅಲ್ಲ.