ಬಿಸಿ ನಲ್ಲಿಯ ತಣ್ಣೀರು

ದುಬೈನಲ್ಲಿ ಕನ್ನಡದವನು ಎಂದ ಕೂಡಲೇ ಎದುರಿನವರು ಕೇಳುವುದು ‘ಮಂಗಳೂರಾ, ಉಡುಪಿಯಾ, ಭಟ್ಕಳವಾ?’ ಅಂತ. ಬೆಂಗಳೂರು ಎಂದರೆ ನಂಬುವುದಿಲ್ಲ. ಬೆಂಗಳೂರಿನವರು ಅಮೆರಿಕಕ್ಕೆ ಹೋಗುತ್ತಾರೆ, ಗಲ್ಫಿಗೆ ಬರುವವರು ಕರಾವಳಿಯವರು ಎಂಬುದು ಇಲ್ಲಿ ಎಲ್ಲರೂ ಒಪ್ಪಿಕೊಂಡ ಭೂಗೋಳ. ನಮ್ಮ ಬಡಾವಣೆ ಮರ್ಫಿ ಟೌನ್ ಎಂದರಂತೂ ‘ಅದು ಇಂಗ್ಲೆಂಡಿನಲ್ಲಿ ಉಂಟಾ ಮಾರಾಯ್ರೆ?’ ಎನ್ನುತ್ತಾರೆ. ಹಲಸೂರು, ಹಳೇ ಮದ್ರಾಸ್ ರಸ್ತೆ ಎಂದೆಲ್ಲ ವಿವರಿಸಿ ಸಾಕಾಗಿದೆ. ಈಗ ‘ಇಂದಿರಾನಗರದ ಹತ್ತಿರ’ ಎಂದುಬಿಡುತ್ತೇನೆ. ಅಲ್ಲಿನ ಬಾಡಿಗೆ ಗೊತ್ತಿರುವವರು ಸ್ವಲ್ಪ ಮರ್ಯಾದೆಯಿಂದ ನೋಡುತ್ತಾರೆ.

ನಮ್ಮ ವಂಶದಲ್ಲಿ ಪರರಾಜ್ಯಕ್ಕೆ ದುಡಿಯಲು ಹೋದ ಮೊದಲಿಗ ನಾನೇನೂ ಅಲ್ಲ. ನಮ್ಮ ಮುತ್ತಾತ ಹೊಸಕೋಟೆ ಕಡೆಯಿಂದ ಬೆಂಗಳೂರಿನ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಬಂದವರು. ಆಗ ಹೊಸಕೋಟೆ ಮೈಸೂರು ಮಹಾರಾಜರದು, ದಂಡು ಬ್ರಿಟಿಷರ ಆಡಳಿತದ್ದು, ಅದೂ 1947ರವರೆಗೆ. ಅಂದರೆ ಮುತ್ತಾತ ವೀಸಾ ಇಲ್ಲದೆ, ಮೆಡಿಕಲ್ ಇಲ್ಲದೆ, ಏಜೆಂಟನಿಗೆ ಬಿಡಿಗಾಸು ಕೊಡದೆ ಎತ್ತಿನ ಗಾಡಿಯಲ್ಲಿ ದೇಶಾಂತರ ಹೋಗಿಬಿಟ್ಟರು. ದಂಡಿನ ಚಾಕರಿಯವರು ಇರಲೆಂದು ಆದ ಬಡಾವಣೆ ನಮ್ಮದು. ಮೊದಲು ನಾಕ್ಸ್‌ಪೇಟೆ ಎನ್ನುತ್ತಿದ್ದರು, ಆಮೇಲೆ ಮರ್ಫಿ ಎಂಬ ಇಂಜಿನಿಯರ್ ಹೆಸರು ಬಂತು. ದೊರೆಗಳ ಬಂಗಲೆ ಒಂದು ಕಡೆ, ಬಂಗಲೆ ಗುಡಿಸುವವರ ಸಾಲುಮನೆ ಇನ್ನೊಂದು ಕಡೆ. ದುಬೈಗೆ ಬಂದ ಹೊಸದರಲ್ಲಿ ನಗರದಂಚಿನ ಸೋನಾಪುರದ ಲೇಬರ್ ಕ್ಯಾಂಪ್ ನೋಡಿ ಜೊತೆಯವರು ಮುಖ ಚಿಕ್ಕದು ಮಾಡಿಕೊಂಡಾಗ ನನಗೆ ಅಷ್ಟೇನೂ ಅನ್ನಿಸಲಿಲ್ಲ. ಒಂದು ನೂರು ವರ್ಷ ಬಿಟ್ಟರೆ ಇದಕ್ಕೂ ಒಬ್ಬ ಇಂಜಿನಿಯರ್ ಹೆಸರಿಟ್ಟು, ಪಕ್ಕದಲ್ಲಿ ಮೆಟ್ರೋ ತಂದು, ಬಾಡಿಗೆ ಏರಿಸುತ್ತಾರೆ.

ಭಾಷೆಯ ವಿಷಯದಲ್ಲೂ ಮರ್ಫಿ ಟೌನೇ ನನ್ನ ಟ್ರೇನಿಂಗ್ ಸೆಂಟರು. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತಮಿಳು, ಮಾರ್ಕೆಟ್ಟಿನಲ್ಲಿ ದಖ್ಖನಿ, ಜಗಳಕ್ಕೆ ಮೂರೂ. ಇಲ್ಲಿ ಡೇರಾದ ಬೆಡ್ ಸ್ಪೇಸಿನಲ್ಲಿ ನನ್ನ ಮೇಲಿನ ಮಂಚ ಮಲಪ್ಪುರದವನದು, ಎದುರಿನದು ನೇಪಾಳಿಯದು, ಬಾಗಿಲ ಪಕ್ಕದ್ದು ಪೇಶಾವರದ ಖಾನ್ ಸಾಹೇಬರದು. ಟಿವಿಯಲ್ಲಿ ಭಾರತ–ಪಾಕಿಸ್ತಾನ ಯುದ್ಧದ ಮಾತಾಡುತ್ತಿರುವಾಗ ನಾವು ಫ್ರಿಜ್ಜಿನ ಎರಡನೇ ಶೆಲ್ಫು ಯಾರದೆಂದು ಮಾತುಕತೆ ನಡೆಸುತ್ತಿರುತ್ತೇವೆ. ಅರಬ್ಬಿ ಕಲಿಯುತ್ತೇನೆಂದು ಬಂದವನು ಮಲಯಾಳಂ ಕಲಿತೆ. ಮಲಯಾಳಿ ಅಂಗಡಿಯಲ್ಲಿ ಕರಕ್ ಚಹಾ ಕೇಳಲು ಅಷ್ಟು ಸಾಕು.

ನನ್ನ ಕೆಲಸ ಎಸಿ ರಿಪೇರಿ. ಈ ಊರನ್ನು ತಂಪಾಗಿಡುವ ಯಂತ್ರವೆಲ್ಲ ಇರುವುದು ಟೆರೇಸಿನ ಮೇಲೆ, ಉರಿಬಿಸಿಲಿನಲ್ಲಿ. ಕೆಳಗೆ ಸೋಫಾದ ಮೇಲೆ ಸ್ವೆಟರ್ ಹಾಕಿಕೊಂಡವರು ಕೂತಿರುತ್ತಾರೆ, ಮೇಲೆ ನಾವು ಬೆಂದಿರುತ್ತೇವೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರತನಕ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಇಲ್ಲಿ ಕಾನೂನಿದೆ. ಒಳ್ಳೆಯ ಕಾನೂನು, ನಿಜವಾಗಿ ಹೇಳುತ್ತೇನೆ. ಮೂರು ಗಂಟೆಗೆ ಸೂರ್ಯನಿಗೂ ಅದನ್ನು ಯಾರಾದರೂ ಓದಿ ಹೇಳಬೇಕು.

ಬೇಸಿಗೆಯಲ್ಲಿ ಟೆರೇಸಿನ ಟ್ಯಾಂಕು ಕಾದು ತಣ್ಣೀರಿನ ನಲ್ಲಿಯಲ್ಲಿ ಬರುವುದು ಸುಡುನೀರು. ಅದಕ್ಕೆ ಇಲ್ಲಿಯವರು ಜಾಣತನ ಮಾಡುತ್ತಾರೆ: ಗೀಸರ್ ಸ್ವಿಚ್ ಆರಿಸಿಬಿಡುತ್ತಾರೆ. ಎಸಿ ಮನೆಯೊಳಗಿರುವ ಗೀಸರಿನಲ್ಲಿ ನಿಂತ ನೀರು ತಣ್ಣಗಾಗಿರುತ್ತದೆ. ಹಾಗಾಗಿ ಸ್ನಾನಕ್ಕೆ ತಣ್ಣೀರು ಬೇಕಾದರೆ ಕೆಂಪು ಗುರುತಿನ ನಲ್ಲಿ, ಬಿಸಿನೀರು ಬೇಕಾದರೆ ನೀಲಿ ಗುರುತಿನದು. ಇದನ್ನು ಅಮ್ಮನಿಗೆ ಹೇಳಿದಾಗ ‘ದುಡ್ಡು ಜಾಸ್ತಿ ಆದ್ರೆ ಹಿಂಗೇ ಕಣೋ’ ಅಂದಳು.

ಅಮ್ಮನ ಬದುಕೇ ನೀರಿನ ಸುತ್ತ ತಿರುಗಿದ್ದು. ನಲ್ಲಿಯಲ್ಲಿ ಕಾವೇರಿ ನೀರು ಬರುವ ದಿನ ನಸುಕಿನಲ್ಲೇ ಎದ್ದು ಬಿಂದಿಗೆ ಸಾಲು ಹಚ್ಚುತ್ತಿದ್ದಳು. ಬುರ್ಜ್ ಖಲೀಫಾದ ಎಸಿಗಳಿಂದ ತೊಟ್ಟಿಕ್ಕುವ ನೀರನ್ನೇ ಹಿಡಿದು, ವರ್ಷಕ್ಕೆ ಸುಮಾರು 1.5 ಕೋಟಿ ಗ್ಯಾಲನ್ ಗಿಡಗಳಿಗೆ ಬಿಡುತ್ತಾರೆ ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದು ಪೈಪು ನಮ್ಮ ಬೀದಿಗೆ ಎಳೆಯಕ್ಕಾಗಲ್ವೇನೋ?’ ಎಂದು ಕೇಳಿದಳು. ಇಷ್ಟೆಲ್ಲ ಮಾತು ಬೋಟಿಮ್ ಎಂಬ ಆ್ಯಪಿನಲ್ಲಿ. ವಾಟ್ಸಾಪಿನಲ್ಲಿ ಇಲ್ಲಿಂದ ಮೆಸೇಜು ಹೋಗುತ್ತದೆ, ಮಾತು ಹೋಗುವುದಿಲ್ಲ. ಅವಳ ಗಡಿಯಾರ ನನ್ನದಕ್ಕಿಂತ ಒಂದೂವರೆ ಗಂಟೆ ಮುಂದೆ. ನಾನು ಕೆಲಸ ಮುಗಿಸಿ, ಬಸ್ಸಿಳಿದು, ಕೈಕಾಲು ತೊಳೆದು ಫೋನು ಹಚ್ಚುವಷ್ಟರಲ್ಲಿ ಅವಳಿಗೆ ನಿದ್ದೆ. ‘ಊಟ ಆಯ್ತಾ?’ ಎಂದು ಅರ್ಧ ನಿದ್ದೆಯಲ್ಲೇ ಕೇಳಿ, ಉತ್ತರಕ್ಕೆ ಮುಂಚೆ ಮಲಗಿಬಿಡುತ್ತಾಳೆ. ಹಲಸೂರಿನ ಪಲ್ಲಕ್ಕಿ ಉತ್ಸವದ ರಾತ್ರಿ ಮಾತ್ರ ಎಚ್ಚರವಾಗಿದ್ದು ಫೋನು ಎತ್ತಿ ಹಿಡಿಯುತ್ತಾಳೆ. ನನಗೆ ಕಾಣುವುದು ಮುಂದೆ ನಿಂತವನ ತಲೆ.

ಇಲ್ಲಿ ಬಾಲ್ಕನಿಯಲ್ಲಿ ಬಟ್ಟೆ ನೇತುಹಾಕಿದರೆ ದಂಡ, ಮೆಟ್ರೋದಲ್ಲಿ ತಿಂದರೆ ದಂಡ. ನಮ್ಮ ಬೀದಿಯ ಅಂದವೇ ಮನೆಯಿಂದ ಮನೆಗೆ ಕಟ್ಟಿದ ಬಟ್ಟೆಹಗ್ಗ. ಲಂಗ, ಲುಂಗಿ, ಯೂನಿಫಾರ್ಮ್ ನೋಡಿಯೇ ಯಾರ ಮನೆಗೆ ನೆಂಟರು ಬಂದಿದ್ದಾರೆಂದು ಹೇಳಬಹುದಿತ್ತು. ಇಷ್ಟು ಚೊಕ್ಕಟವಾದ ಊರಿನಲ್ಲಿ ಅಕ್ಕಪಕ್ಕದವರ ಸುದ್ದಿ ತಿಳಿಯುವುದಾದರೂ ಹೇಗೆ?

ಒಂದು ಸಲ ಮಾತ್ರ ದುಬೈ ನನ್ನೂರಿನಂತೆ ಕಂಡಿತು. 2024ರ ಏಪ್ರಿಲ್ 16. 1949ರಲ್ಲಿ ದಾಖಲೆ ಇಡಲು ಶುರುಮಾಡಿದ ಮೇಲೆ ಈ ದೇಶದಲ್ಲಿ ಅಂಥ ಮಳೆ ಬಿದ್ದಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ನೀರು, ಹೆದ್ದಾರಿಯಲ್ಲಿ ತೇಲುವ ಕಾರು. ಜೊತೆಯವರು ದಿಕ್ಕು ತೋಚದೆ ನಿಂತಿದ್ದರು. ನಾನು ಪ್ಯಾಂಟು ಮೊಣಕಾಲಿಗೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು ಮುಂದೆ ನಡೆದೆ. ಮ್ಯಾನ್‌ಹೋಲ್ ಎಲ್ಲಿರಬಹುದೆಂದು ಕಾಲಿನಲ್ಲಿ ಅಂದಾಜು ಮಾಡುವ ವಿದ್ಯೆ ಇಡೀ ಗುಂಪಿನಲ್ಲಿ ನನಗೊಬ್ಬನಿಗೇ ಇತ್ತು.

ನಮ್ಮ ಕಡೆಯವರು ಯಾರಾದರೂ ಬರುವವರಿದ್ದರೆ ಒಂದು ವಿನಂತಿ. ರಾಗಿ ಹಿಟ್ಟು ಹೊತ್ತು ತರಬೇಡಿ, ಇಲ್ಲಿ ಲುಲು ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ಕಾಂಗ್ರೆಸ್ ಕಡಲೆಕಾಯಿ ತನ್ನಿ, ಎಷ್ಟಾದರೂ ಸರಿ. ಹಬ್ಬಕ್ಕಿರಲಿ ಎಂದು ಅಮ್ಮ ಪೊಟ್ಟಣ ಕಟ್ಟಿಕೊಟ್ಟರೂ ಗಸಗಸೆ ಮಾತ್ರ ದಯವಿಟ್ಟು ತರಬೇಡಿ. ಇಲ್ಲಿ ಅದು ಮಾದಕ ವಸ್ತುಗಳ ಪಟ್ಟಿಯಲ್ಲಿದೆ, ಪಾಯಸಕ್ಕೆಂದರೆ ಯಾರೂ ಕೇಳುವುದಿಲ್ಲ.