ಮೂರನೆಯ ಗೋರಿ

ಒಂದು ದಿನದ ಬಸ್ ಪ್ರವಾಸದಲ್ಲಿ ನೀವೂ ಶ್ರೀರಂಗಪಟ್ಟಣ ನೋಡಿರಬಹುದು. ನಾವು ಆರ್.ಟಿ. ನಗರದ ಕೆಲವು ಕುಟುಂಬಗಳು ಒಮ್ಮೆ ಹಾಗೆ ಹೋಗಿದ್ದೆವು. ಫಜ್ರ್ ನಮಾಝ್ ಮುಗಿಸಿ, ಮಕ್ಕಳಿಗೆ ಚಪಾತಿ ಕಟ್ಟಿಕೊಂಡು ಹೊರಟೆವು.

ಗೈಡ್ ಒಳ್ಳೆಯವನೇ. ಆದರೆ ಕಣ್ಣು ಗಡಿಯಾರದ ಮೇಲೆಯೇ. ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರ ತೋರಿಸಿದ. ಗುಂಬಝ್‌ಗೆ 20 ನಿಮಿಷ ಕೊಟ್ಟ. 1782ರಲ್ಲಿ ತೀರಿಕೊಂಡ ಹೈದರಲಿಗಾಗಿ ಟಿಪ್ಪು ಕಟ್ಟಿಸಿದ್ದು, 1799ರ ಮೇ 4ರಂದು ಹುತಾತ್ಮನಾದ ಟಿಪ್ಪುವನ್ನೂ ಇಲ್ಲೇ ದಫನ್ ಮಾಡಿದ್ದು, ಎಲ್ಲ ಹೇಳಿದ.

ಆಗ ನನ್ನ ವಿದ್ಯಾರ್ಥಿನಿಯೊಬ್ಬಳು ಸೆರಗು ಜಗ್ಗಿ ಕೇಳಿದಳು: "ಆಪಾ, ತಂದೆ, ಮಗ ಅಂದರು. ಗೋರಿ ಮೂರು ಇವೆಯಲ್ಲ?"

"ಟಿಪ್ಪುವಿನ ತಾಯಿಯದು" ಎಂದೆ. "ಅವರ ಹೆಸರು?" ಎಂದಳು. ನನ್ನ ಬಾಯಿ ಕಟ್ಟಿತು. ಮದ್ರಸದಲ್ಲಿ ಕಲಿತವಳು, ಬಿ.ಎ. ಮಾಡಿದವಳು, ಟೀಚರ್ ಬೇರೆ! ದುಆ ಮಾಡುವಾಗ ಇಬ್ಬರ ಹೆಸರು ಹೇಳಿದೆ. ಮೂರನೆಯವರನ್ನು ಬರೀ 'ತಾಯಿ' ಎಂದೆ. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

ಮನೆಗೆ ಬಂದು ಪುಸ್ತಕ ತೆರೆದೆ. ಫಾತಿಮಾ ಫಖ್ರುನ್ನಿಸಾ. ಫಖ್ರುನ್ನಿಸಾ ಎಂದರೆ ಸ್ತ್ರೀಯರ ಹೆಮ್ಮೆ. ಅರ್ಥ ಬಲ್ಲ ನನಗೆ ಆ ಹೆಸರಿನವರೇ ಗೊತ್ತಿರಲಿಲ್ಲ. ಮರುದಿನ ತರಗತಿಯಲ್ಲಿ ಆ ಹುಡುಗಿಯನ್ನು ಕರೆದು, ಕರಿಹಲಗೆಯ ಮೇಲೆ ಅವಳ ಕೈಯಿಂದಲೇ ಹೆಸರು ಬರೆಸಿದೆ.

ಗೈಡನ್ನು ದೂರಿ ಫಲವಿಲ್ಲ. ಅವನ ಕೈಯಲ್ಲಿರುವುದು 20 ನಿಮಿಷ. ನಮ್ಮ ಕೈಯಲ್ಲಿ ಹಿಂದಿನ ರಾತ್ರಿಯಿದೆ. ಹೊರಡುವ ಮುಂಚೆ ಮಕ್ಕಳ ಜೊತೆ ಕಾಲು ಗಂಟೆ ಕೂತು ಹೋಗುವ ಊರಿನ ಕಥೆ ಹೇಳಿ; ಅಲ್ಲಿನ ತಾಯಂದಿರ ಹೆಸರನ್ನೂ ಸೇರಿಸಿ.

ಅಂದ ಹಾಗೆ, ನಿಮ್ಮ ಅಜ್ಜಿಯ ತಾಯಿಯ ಹೆಸರು ನಿಮ್ಮ ಮಕ್ಕಳಿಗೆ ಗೊತ್ತಿದೆಯೇ?