ಮಂಜಿನಲ್ಲಿ ಒಂದು ಹಾಯಿಪಯಣ

ಕರಾವಳಿಯವರಾದ ನಮಗೆ ಕಡಲಿನ ಭಯವೆಂದರೆ ಮಳೆಗಾಲದ ತೂಫಾನಿನ ಭಯ. ಗಾಳಿಯಿಲ್ಲದ ಶಾಂತ ಸಮುದ್ರವೂ ಮನುಷ್ಯನನ್ನು ಪರೀಕ್ಷಿಸಬಲ್ಲದೆಂದು ನನಗೆ ತಿಳಿದದ್ದು ಕಳೆದ ಜನವರಿಯಲ್ಲಿ, ಎನ್.ಸಿ.ಸಿ. ನೌಕಾದಳದ ಕೆಡೆಟ್ಟುಗಳಾದ ನಾವು ಮಲ್ಪೆಯಿಂದ ಕಾಪುವಿಗೆ ಹಾಯಿದೋಣಿಯಲ್ಲಿ ಹೊರಟಾಗ.

ದೂರ ಸುಮಾರು 8 ನಾಟಿಕಲ್ ಮೈಲಿ. ನಮ್ಮದು 27 ಅಡಿ ಉದ್ದದ ತೆರೆದ ವೇಲರ್ ದೋಣಿ. ಬೆಳಗಿನ ಜಾವ ನೆಲದಿಂದ ಕಡಲಿಗೆ ಬೀಸುವ ಗಾಳಿಯನ್ನು ನೆಚ್ಚಿ ಹಾಯಿ ಬಿಚ್ಚಿದೆವು. ಆ ಗಾಳಿಯೇ ಹೊಳೆಬಾಯಿಯ ಮಂಜನ್ನೂ ಹೊತ್ತು ತಂದಿತು. ಹೊತ್ತೇರುತ್ತಲೇ ಗಾಳಿ ಬಿದ್ದುಹೋಯಿತು. ಮಂಜು ಮಾತ್ರ ಕದಲಲಿಲ್ಲ. ಹಾಯಿ ಒದ್ದೆ ಬಟ್ಟೆಯಂತೆ ಜೋತುಬಿದ್ದಿತು. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ ಹಾಗಿರಲಿ, ನಮ್ಮ ದೋಣಿಯ ಮೂತಿಯೇ ಮಸುಕಾಗಿತ್ತು.

ಭಯವಿದ್ದುದು ಎರಡು ಕಡೆಯಿಂದ. ಆಳದತ್ತ ಸರಿದರೆ ಬಂದರಿಗೆ ಮರಳುವ ಯಾಂತ್ರಿಕ ಬೋಟುಗಳು. ದಡದತ್ತ ಸರಿದರೆ ಬಂಡೆಗಳು. 1972ರ ಅಂತರರಾಷ್ಟ್ರೀಯ ನೌಕಾ ನಿಯಮದಂತೆ ಮಂಜಿನಲ್ಲಿ ಹಾಯಿನೌಕೆಯು ಎರಡು ನಿಮಿಷಕ್ಕೊಮ್ಮೆಯಾದರೂ ಒಂದು ದೀರ್ಘ, ಎರಡು ಹ್ರಸ್ವ ಧ್ವನಿ ಮಾಡಬೇಕು. ನಮ್ಮಂಥ ಸಣ್ಣ ದೋಣಿಗೆ ಯಾವುದಾದರೊಂದು ಸದ್ದು ಸಾಕಾದರೂ ನಾವು ಅದನ್ನೇ ಸರದಿಯಂತೆ ಊದಿದೆವು. ಛಂದಸ್ಸಿನ ತರಗತಿಯ ಗುರು-ಲಘುಗಳು ಹೀಗೆ ಪ್ರಾಣರಕ್ಷಣೆಗೆ ಬಂದವೆಂದರೆ ನಮ್ಮ ಕನ್ನಡ ಅಧ್ಯಾಪಕರು ಸಂತೋಷಪಟ್ಟಾರು! ಎಡದಿಂದ ಹೆದ್ದಾರಿಯ ಬಸ್ಸಿನ ಹಾರ್ನು ಕೇಳುತ್ತಿತ್ತು. ಬಲಮಗ್ಗುಲಿಗೆ ಪಡುವಣದ ಉಬ್ಬಲೆ ಮೆಲ್ಲನೆ ತಾಗುತ್ತಿತ್ತು. ತೆಂಕು ದಿಕ್ಕು ತಪ್ಪಿಲ್ಲವೆಂಬ ಧೈರ್ಯ ಅಷ್ಟರಿಂದ.

ಆಗ ಶಿಕ್ಷಕರು ಸೀಸದ ಗುಂಡು ಕಟ್ಟಿದ ಹಗ್ಗವನ್ನು ನನ್ನ ಕೈಗಿತ್ತರು. ಗುಂಡಿನ ಅಡಿಯ ಕುಳಿಗೆ ಗ್ರೀಸ್ ಮೆತ್ತಿ ಇಳಿಬಿಟ್ಟರೆ ಹಗ್ಗ ಆಳವನ್ನೂ ಗ್ರೀಸು ತಳದ ಮಣ್ಣನ್ನೂ ತಿಳಿಸುತ್ತದೆ. ಆಳದ ಅಳತೆ ಫ್ಯಾದಮ್. ಎಂದರೆ 6 ಅಡಿ. ಆ ಶಬ್ದದ ಮೂಲಾರ್ಥ ಚಾಚಿದ ಎರಡು ತೋಳುಗಳ ನಡುವಿನ ಉದ್ದ ಎಂದು ಅವರು ವಿವರಿಸಿದಾಗ ನಾನು ಬೆರಗಾದೆ. ಅದು ನಮ್ಮ ಅಜ್ಜನ 'ಮಾರು' ಅಲ್ಲವೇ!

ಅಜ್ಜ ರಂಪಣಿ ಬಲೆಯ ಕಾಲದವರು. ಸಹಿ ಮಾಡಬೇಕಾದಲ್ಲಿ ಹೆಬ್ಬೆಟ್ಟು ಒತ್ತುವವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೇ ಮೊದಲಿಗ. ನನ್ನ ಓದು ಏರಿದಂತೆಲ್ಲ ನಮ್ಮಿಬ್ಬರ ಮಾತು ಇಳಿಯುತ್ತ ಬಂದಿತ್ತು. ಅರ್ಥಶಾಸ್ತ್ರದ ಯಾವ ಅಧ್ಯಾಯವನ್ನು ಅವರೊಡನೆ ಹಂಚಿಕೊಳ್ಳಲಿ?

ಗುಂಡು ನಾಲ್ಕು ಫ್ಯಾದಮಿನಲ್ಲಿ ತಳ ಮುಟ್ಟಿತು. ಗ್ರೀಸಿಗೆ ಮರಳು ಅಂಟಿತ್ತು. ದಡ ಹತ್ತಿರವಿದೆಯೆಂದೂ ದೊಡ್ಡ ಬೋಟುಗಳ ದಾರಿಯಿಂದ ಹೊರಗಿದ್ದೇವೆಂದೂ ಶಿಕ್ಷಕರು ಅಲ್ಲೇ ಲಂಗರು ಹಾಕಿಸಿದರು. ಕಾಯುವುದೂ ನಾವಿಕನ ಕೆಲಸವೇ ಎಂಬುದನ್ನು ಆ ಎರಡು ಗಂಟೆ ಕಲಿಸಿತು. ಬಿಸಿಲೇರಿ ಮಂಜು ಹರಿಯಿತು, ಕಡಲಗಾಳಿ ಎದ್ದಿತು, ಮಧ್ಯಾಹ್ನದೊಳಗೆ ಕಾಪು ಸೇರಿದೆವು.

ಆ ರಾತ್ರಿ ಮನೆಯಲ್ಲಿ ಇದನ್ನು ಹೇಳತೊಡಗಿದಾಗ ಅಜ್ಜ ಊಟದ ತಟ್ಟೆಯಿಂದ ತಲೆಯೆತ್ತಿ, "ಎಷ್ಟು ಮಾರು ಇತ್ತು?" ಎಂದರು.

"ನಾಲ್ಕು, ಅಜ್ಜ."

"ಮರಳೋ, ಕೆಸರೋ?"

ಅವರ ಪ್ರಶ್ನೆಗೆ ಉತ್ತರ ಕೊಡುವಷ್ಟು ನಾನೂ ಓದಿದ್ದೆ. ಅಂದು ನಾವು ಬಹಳ ಹೊತ್ತು ಮಾತನಾಡಿದೆವು.